‘ನೈಸ್’ ಎಂದರೆ ಹಿಂದೆ ಪೆದ್ದ ಎಂದರ್ಥ

ಇಂಗ್ಲಿಷ್ ಓದಲು ಬರೆಯಲು ಬಾರದ ನನ್ನ ಅಜ್ಜಿ ದಿನಕ್ಕೊಮ್ಮೆಯಾದರೂ ಆಡುತ್ತಿದ್ದ ಇಂಗ್ಲಿಷ್ ಪದ ‘ನೈಸ್’. ಚಟ್ನಿಗೆ ಕಾಯಿ ತುರಿದುಕೊಟ್ಟು ‘ನೈಸಾಗಿ ರುಬ್ಬು’ ಎನ್ನುತ್ತಿದ್ದರು. ಹೊಸ ಸೀರೆಯ ಸೆರಗನ್ನು ಬೆರಳುಗಳ ನಡುವೆ ಸವರಿ ‘ಬಟ್ಟೆ ನೈಸಾಗಿದೆ’ ಎನ್ನುತ್ತಿದ್ದರು. ಶಾಲೆಯಲ್ಲಿ ಅದೇ ಪದಕ್ಕೆ ‘ಚೆನ್ನಾಗಿರುವ’ ಎಂಬ ಅರ್ಥವನ್ನು ಕಲಿತ ನಾನು, ಅಜ್ಜಿ ಅದನ್ನು ತಪ್ಪಾಗಿ ಬಳಸುತ್ತಿದ್ದಾರೆಂದೇ ಬಹಳ ಕಾಲ ನಂಬಿದ್ದೆ. ಪದದ ಚರಿತ್ರೆಯನ್ನು ಓದಿದ ಮೇಲೆ ತಪ್ಪು ನನ್ನದೆಂದು ತಿಳಿಯಿತು.

ಈ ಪದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’. ‘ನೆ’ ಎಂದರೆ ಇಲ್ಲ, ‘ಸ್ಕೀರೆ’ ಎಂದರೆ ತಿಳಿ. ಎರಡೂ ಸೇರಿದರೆ ‘ತಿಳಿಯದವನು’, ನಮ್ಮ ಮಾತಿನಲ್ಲಿ ‘ಅಜ್ಞ’. ಇದೇ ‘ಸ್ಕೀರೆ’ಯಿಂದಲೇ ‘ಸೈನ್ಸ್’ ಕೂಡ ಹುಟ್ಟಿದೆ. ಅಂದರೆ ವಿಜ್ಞಾನವೂ ‘ನೈಸ್’ ಕೂಡ ಒಂದೇ ಧಾತುವಿನ ಮಕ್ಕಳು. ಹಳೆಯ ಫ್ರೆಂಚಿನಲ್ಲಿ ‘ಪೆದ್ದ, ಕೈಲಾಗದವನು’ ಎಂಬ ಅರ್ಥ ಪಡೆದ ಈ ಪದ ಸುಮಾರು 1300ರ ಹೊತ್ತಿಗೆ ಇಂಗ್ಲಿಷನ್ನು ಸೇರಿತು. 14ನೆಯ ಶತಮಾನದ ಕವಿ ಚಾಸರ್ ಒಬ್ಬನನ್ನು ‘ನೈಸ್’ ಎಂದು ಕರೆದರೆ ಅದು ಹೊಗಳಿಕೆಯಾಗಿರಲಿಲ್ಲ.

ಬೈಗುಳವೊಂದು ಮೆಚ್ಚುಗೆಯ ಮಾತಾಗಲು ನಾಲ್ಕೈದು ಶತಮಾನಗಳೇ ಹಿಡಿದವು, ಮತ್ತು ಆ ಬದಲಾವಣೆಯ ಒಂದೊಂದು ಮೆಟ್ಟಿಲೂ ನನಗೆ ಮನುಷ್ಯಸ್ವಭಾವದ ಪಾಠದಂತೆ ಕಾಣುತ್ತದೆ. ತಿಳಿಯದವನು ನಾಲ್ಕು ಜನರ ನಡುವೆ ಸಂಕೋಚಪಡುತ್ತಾನೆ. ಸಂಕೋಚದವನು ನಾಜೂಕಿನವನಂತೆ ತೋರುತ್ತಾನೆ. ನಾಜೂಕಿನವನು ಊಟದಲ್ಲಿ, ಉಡುಗೆಯಲ್ಲಿ ಸಣ್ಣ ಸಣ್ಣ ಕೊರತೆಯನ್ನೂ ಎತ್ತಿ ಆಡುತ್ತಾನೆ. ಹಾಗೆ ಎತ್ತಿ ಆಡಬೇಕಾದರೆ ಸಣ್ಣ ವ್ಯತ್ಯಾಸವನ್ನೂ ಗುರುತಿಸುವ ಕಣ್ಣಿರಬೇಕು. ಹೀಗೆ 16ನೆಯ ಶತಮಾನದ ವೇಳೆಗೆ ‘ನೈಸ್’ ಎಂದರೆ ‘ಸೂಕ್ಷ್ಮ’ ಎಂದಾಯಿತು. ‘ನೈಸ್ ಡಿಸ್ಟಿಂಕ್ಷನ್’, ಅಂದರೆ ಕೂದಲೆಳೆಯಷ್ಟು ತೆಳುವಾದ ಭೇದ, ಎಂಬ ಬಳಕೆ ಇಂದಿಗೂ ಉಳಿದಿದೆ.

ಒಂದು ಅರ್ಥ ಬಂದೊಡನೆ ಹಿಂದಿನದು ಜಾಗ ಖಾಲಿ ಮಾಡಲಿಲ್ಲ. ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿ ಪಾದ್ರಿ ಲಾರೆನ್ಸ್, ರೋಮಿಯೋಗೆ ತಲುಪದೆಹೋದ ತನ್ನ ಪತ್ರ ‘ನೈಸ್’ ಆಗಿರಲಿಲ್ಲ ಎನ್ನುತ್ತಾನೆ. ಇಂದಿನ ಅರ್ಥವನ್ನು ಹಿಡಿದು ಓದುವವರು ಅಲ್ಲಿ ದಾರಿ ತಪ್ಪುತ್ತಾರೆ, ಏಕೆಂದರೆ ಅವನು ಹೇಳುತ್ತಿರುವುದು ಪತ್ರ ಕ್ಷುಲ್ಲಕವಾದದ್ದಲ್ಲ, ಗುರುತರವಾದದ್ದು ಎಂದು. 1815ರಲ್ಲಿ ವಾಟರ್‌ಲೂ ಕದನ ಗೆದ್ದ ವೆಲಿಂಗ್ಟನ್ ಅದನ್ನು ‘ನೈಸ್’ ಎಂದು ಬಣ್ಣಿಸಿದ್ದೂ ಸಂತೋಷದಿಂದಲ್ಲ. ಸೋಲು ಗೆಲುವುಗಳ ತಕ್ಕಡಿ ಎತ್ತ ಬೇಕಾದರೂ ವಾಲಬಹುದಾಗಿತ್ತು ಎಂಬುದು ಅವನ ಮಾತಿನ ತಿರುಳು.

‘ಹಿತವಾದ’ ಎಂಬ ಇಂದಿನ ಅರ್ಥ 18ನೆಯ ಶತಮಾನದ ಉತ್ತರಾರ್ಧದಲ್ಲಿ ಬೇರೂರಿತು. ಆ ಬಳಕೆ ಎಷ್ಟು ಹಬ್ಬಿತೆಂದರೆ, 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟಿನ್‌ಳ ‘ನಾರ್ಥ್ಯಾಂಗರ್ ಅಬ್ಬೆ’ ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ ಎಂಬ ಪಾತ್ರವು, ಈ ಪದ ಎಲ್ಲದಕ್ಕೂ ಒದಗುತ್ತದೆ ಎಂದು ನಾಯಕಿಯನ್ನು ಕೆಣಕುತ್ತದೆ. ಪ್ರಬಂಧದಲ್ಲಿ ‘ನೈಸ್’ ಕಂಡರೆ ಕೆಂಪು ಗೆರೆ ಎಳೆಯುವ ಮೇಷ್ಟರುಗಳ ಬೇಸರ ಅಷ್ಟು ಹಳೆಯದು. ಪದ ಸವೆದಿದೆ ಎಂಬ ಅವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಪೊಳ್ಳು ಎಂಬುದನ್ನು ಒಪ್ಪಲಾರೆ.

ಇಂಥ ತಿರುವು ನಮಗೂ ಹೊಸದಲ್ಲ. ಸಂಸ್ಕೃತದಿಂದ ಬಂದ ‘ಮುಗ್ಧ’ವು ‘ಮೂಢ’ದ ಒಡಹುಟ್ಟು, ಎರಡೂ ದಿಗ್ಭ್ರಮೆ, ಮರುಳು ಎಂಬ ಅರ್ಥದ ‘ಮುಹ್’ ಧಾತುವಿನಿಂದ ಬಂದವು. ಆದರೂ ಇಂದು ಮಗುವಿನ ನಗೆಯನ್ನು ಮುಗ್ಧ ಎಂದು ಮೆಚ್ಚುತ್ತೇವೆ, ಮೂಢ ಎಂದರೆ ಜಗಳವೇ ಆದೀತು. ಇಂಗ್ಲಿಷಿನ ‘ಸಿಲ್ಲಿ’ ಮಾತ್ರ ಎದುರು ದಿಕ್ಕಿನಲ್ಲಿ ನಡೆಯಿತು: ಒಂದು ಕಾಲಕ್ಕೆ ಧನ್ಯ, ಸುಖಿ ಎಂಬ ಅರ್ಥವಿದ್ದ ಆ ಪದ ಕ್ರಮೇಣ ಪೆದ್ದುತನಕ್ಕೆ ಇಳಿಯಿತು.

ಕನ್ನಡಕ್ಕೆ ಬಂದ ‘ನೈಸ್’ ನುಣುಪನ್ನೇ ಏಕೆ ಹಿಡಿದುಕೊಂಡಿತು ಎಂಬುದಕ್ಕೆ ನನ್ನದೊಂದು ಊಹೆಯಿದೆ. ನಮ್ಮಲ್ಲಿ ಆಗಲೇ ‘ನಯ’ ಇತ್ತು. ನಯ ಎಂದರೆ ಮುಟ್ಟಿದರೆ ನುಣುಪು, ಮಾತಿನಲ್ಲಾದರೆ ವಿನಯ, ಅದರ ಮರೆಯಲ್ಲಿ ಮೋಸವಿದ್ದರೆ ನಯವಂಚನೆ. ಉಚ್ಚಾರಣೆಯಲ್ಲಿ ಹತ್ತಿರದ್ದೇ ಆದ ‘ನೈಸ್’ ಬಂದಾಗ ಜನ ಅದಕ್ಕೆ ಈ ಮೂರು ಅರ್ಥಗಳನ್ನೂ ಹೊರಿಸಿರಬೇಕು. ಇಂಗ್ಲಿಷರ ಬಾಯಲ್ಲಿ ಹಿನ್ನೆಲೆಗೆ ಸರಿದ ನವಿರು, ಸೂಕ್ಷ್ಮ ಎಂಬ ಹಳೆಯ ಛಾಯೆ ನಮ್ಮ ಅಡುಗೆಮನೆಯ ರುಬ್ಬುಗುಂಡಿನ ಬಳಿ ನಿತ್ಯಬಳಕೆಯಲ್ಲಿರುವುದು ನನಗೆ ತುಂಬ ಪ್ರೀತಿಯ ಸಂಗತಿ.

ಮೂರನೆಯ ಅರ್ಥವೂ ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಜಾತ್ರೆಯ ಹಿಂದಿನ ದಿನ ಅವರು ಕೇಳದೆಯೇ ನಾನು ಅವರ ಕಾಲು ಒತ್ತಲು ಕುಳಿತರೆ, ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು: ‘ನೈಸ್ ಮಾಡಬೇಡ, ಎಷ್ಟು ದುಡ್ಡು ಬೇಕು ಹೇಳು.’