ಆ್ಯಪ್‌ಗೆ ಬೆಲೆ ಸರಿ, ಲಿಂಕಿಗೆ?

ಮಾರ್ಚ್ 14, 2025, ಶುಕ್ರವಾರ

ಇವತ್ತು ಬೆಲೆಯ ವಿಷಯ ಬಿಟ್ಟು ಬೇರೇನೂ ಮಾಡಲಿಲ್ಲ. ಆ್ಯಪ್ ಹೆಚ್ಚುಕಡಿಮೆ ಮುಗಿದಿದೆ. ಸ್ಕ್ರೀನ್‌ಶಾಟ್ ತೆಗೆಯುತ್ತದೆ, ಅದರ ಮೇಲೆ ಬಾಣ ಎಳೆಯಬಹುದು, ಯಾರಿಗೂ ಕಾಣಬಾರದ್ದನ್ನು ಮುಚ್ಚಬಹುದು. ಒಂದು ಬಟನ್ ಒತ್ತಿದರೆ ಚಿತ್ರ ನಮ್ಮ ಸರ್ವರ್‌ಗೆ ಹೋಗುತ್ತದೆ, ಲಿಂಕ್ ಕ್ಲಿಪ್‌ಬೋರ್ಡಿಗೆ ಬಂದು ಕೂರುತ್ತದೆ. ಬೆಲೆಯ ಪುಟ ಮಾತ್ರ ಖಾಲಿ.

ಜೊತೆಗಾರನದ್ದು ಒಂದೇ ಹಟ. "30 ಡಾಲರ್ ಇಡೋಣ ಮಾರಾಯ. ಆ್ಯಪ್, ಚಿತ್ರ ಇಡುವ ಹೋಸ್ಟಿಂಗ್ ಎರಡೂ ಸೇರಿ, ಜೀವನಪೂರ್ತಿ. ಕೊಳ್ಳುವವರಿಗೂ ತಲೆನೋವಿಲ್ಲ, ನಮಗೂ ಇಲ್ಲ." ಕೇಳಲು ಚೆನ್ನಾಗಿದೆ. ಆದರೆ ಜೀವನಪೂರ್ತಿ ಅಂದರೆ ಯಾರ ಜೀವನ? ಅವರದ್ದಾ, ನಮ್ಮದಾ, ಸರ್ವರ್‌ದ್ದಾ? ಕೇಳಿದೆ. ನಕ್ಕ, ಉತ್ತರ ಕೊಡಲಿಲ್ಲ.

ನನ್ನ ವಾದ ಇಷ್ಟೇ. ಇವು ಎರಡು ಬೇರೆ ಬೇರೆ ಸಾಮಾನು, ಒಂದೇ ಗಂಟಿನಲ್ಲಿ ಕಟ್ಟಿ ಮಾರಬಾರದು. ಆ್ಯಪ್ ಮಾರಿದ ಮೇಲೆ ಅದು ಅವರ ಕಂಪ್ಯೂಟರಿನಲ್ಲಿ, ಅವರ ಕರೆಂಟಿನಲ್ಲಿ ಓಡುತ್ತದೆ. ದಿನಕ್ಕೆ ಒಂದು ಸ್ಕ್ರೀನ್‌ಶಾಟ್ ತೆಗೆದರೂ ಅಷ್ಟೇ, ನೂರು ತೆಗೆದರೂ ಅಷ್ಟೇ, ನಮಗೆ ಪೈಸೆ ಖರ್ಚಿಲ್ಲ. ಲಿಂಕ್ ಹಾಗಲ್ಲ. ಲಿಂಕ್ ಕೊಟ್ಟ ದಿನದಿಂದ ನಾವು ಸಾಲಗಾರರು. ಅದನ್ನು ಯಾರೋ ಮೇಲ್‌ನಲ್ಲಿ ಹಾಕಿರುತ್ತಾರೆ, ಬಗ್ ರಿಪೋರ್ಟಿಗೆ ಅಂಟಿಸಿರುತ್ತಾರೆ, ಆಫೀಸಿನ ಕೈಪಿಡಿಯಲ್ಲಿ ಸೇರಿಸಿರುತ್ತಾರೆ. ವರ್ಷಗಳಾದ ಮೇಲೆ ಇನ್ಯಾರೋ ಕ್ಲಿಕ್ ಮಾಡುತ್ತಾರೆ. ಅವತ್ತೂ ಚಿತ್ರ ತೆರೆದುಕೊಳ್ಳಬೇಕು, ಅಲ್ವಾ?

ಬಾಯಿಮಾತಿಗೆ ಅವನು ಬಗ್ಗುವವನಲ್ಲ. ಲೆಕ್ಕ ಹಾಕಿ ತೋರಿಸೋಣ ಅಂತ ಕೂತೆ.

ದಿನಕ್ಕೆ 20 ಸ್ಕ್ರೀನ್‌ಶಾಟ್ ಹಂಚುವ ಒಬ್ಬ ಬಳಕೆದಾರ. ಒಂದೊಂದು ಚಿತ್ರ ಅರ್ಧ ಎಂಬಿ. ವರ್ಷಕ್ಕೆ 250 ಕೆಲಸದ ದಿನ. ಒಟ್ಟು 2.5 ಜಿಬಿ. ಫೈಲ್ ಇಡಲು ಬಾಡಿಗೆಗೆ ಜಾಗ ಕೊಡುವ ಅಮೆಜಾನ್‌ನ ಎಸ್3ಯಲ್ಲಿ ಒಂದು ಜಿಬಿಯನ್ನು ಒಂದು ತಿಂಗಳು ಇಡಲು 2.3 ಸೆಂಟ್. ಅಂದರೆ ಇವನ ಒಂದು ವರ್ಷದ ಚಿತ್ರಗಳನ್ನೆಲ್ಲ ವರ್ಷಪೂರ್ತಿ ಇಡಲು 69 ಸೆಂಟ್. ಜೊತೆಗಾರ ಇದನ್ನು ನೋಡಿದ್ದೇ "ನಾನು ಹೇಳಲಿಲ್ವಾ" ಅಂದ. ಸ್ವಲ್ಪ ತಡಿ ಅಂದೆ. ಹಳೆಯ ಚಿತ್ರಗಳು ಎಲ್ಲೂ ಹೋಗುವುದಿಲ್ಲ, ಹೊಸವು ಬಂದು ಸೇರುತ್ತಲೇ ಇರುತ್ತವೆ. ಐದು ವರ್ಷಕ್ಕೆ 12.5 ಜಿಬಿ. ಆಗ ಬಾಡಿಗೆ ವರ್ಷಕ್ಕೆ ಸುಮಾರು ಮೂರೂವರೆ ಡಾಲರ್. ಬಳಕೆದಾರ ಕೊಟ್ಟ ದುಡ್ಡು ಒಂದೇ ಸಲ ಬಂದದ್ದು. ಬಾಡಿಗೆ ಮಾತ್ರ ವರ್ಷ ವರ್ಷ ಏರುತ್ತದೆ.

ಅರ್ಧ ಎಂಬಿ ಅನ್ನುವುದೂ ಒಂದು ಅಂದಾಜು ಅಷ್ಟೇ. ಬರೀ ಅಕ್ಷರ ಇರುವ ವಿಂಡೋ ಆದರೆ ಪಿಎನ್‌ಜಿ ಅನ್ನುವ ಚಿತ್ರದ ಫೈಲ್ ಮಾದರಿ ಅದನ್ನು ಚೆನ್ನಾಗಿ ಕುಗ್ಗಿಸುತ್ತದೆ, ಒಂದೇ ಬಣ್ಣದ ಜಾಗ ಜಾಸ್ತಿ ಇರುತ್ತದಲ್ಲ. ಅದೇ ವಿಂಡೋದಲ್ಲಿ ಒಂದು ಫೋಟೋ ತೆರೆದಿಟ್ಟು ತೆಗೆದರೆ ಹಲವು ಎಂಬಿಗೆ ಉಬ್ಬುತ್ತದೆ. ಜೊತೆಗೆ ಈಗಿನ ರೆಟಿನಾ ಪರದೆಗಳಲ್ಲಿ ಉದ್ದಕ್ಕೂ ಅಗಲಕ್ಕೂ ಎರಡರಷ್ಟು ಪಿಕ್ಸೆಲ್, ಒಟ್ಟು ನಾಲ್ಕರಷ್ಟು. ಹಾಗಾಗಿ ಕಳಿಸುವ ಮೊದಲೇ ಆ್ಯಪ್ ಚಿತ್ರವನ್ನು ಕುಗ್ಗಿಸಬೇಕು ಅಂತ ಪಟ್ಟಿಗೆ ಸೇರಿಸಿದೆ. ಇದು ಬೆಲೆಯ ವಿಷಯವೇ, ಸುಮ್ನೆ ಎಂಜಿನಿಯರಿಂಗ್ ಚಪಲ ಅಲ್ಲ.

ನಿಜವಾದ ಏಟು ಇಡುವ ಖರ್ಚಿನಲ್ಲಿಲ್ಲ, ಕಳಿಸುವ ಖರ್ಚಿನಲ್ಲಿದೆ. ಎಸ್3ಯಿಂದ ಚಿತ್ರ ಹೊರಗೆ ಹೋಗುವಾಗ ತಿಂಗಳಿಗೆ ಮೊದಲ 100 ಜಿಬಿ ಉಚಿತ, ಆಮೇಲೆ ಜಿಬಿಗೆ 9 ಸೆಂಟ್. ಯಾರದ್ದೋ ಒಂದು ಸ್ಕ್ರೀನ್‌ಶಾಟ್ ಎಲ್ಲೋ ಹಬ್ಬಿ ಹತ್ತು ಲಕ್ಷ ಸಲ ತೆರೆಯಿತು ಅಂತಿಟ್ಟುಕೊಳ್ಳಿ. ಅರ್ಧ ಎಂಬಿ ಚಿತ್ರ, 500 ಜಿಬಿ ಸಾಗಣೆ. ಆ ಉಚಿತ ಪಾಲು ಮೊದಲೇ ಮುಗಿದಿದ್ದರೆ 45 ಡಾಲರ್. ಜೀವನಪೂರ್ತಿಗೆ ಅವನು ಕೊಟ್ಟದ್ದು 30. ಅದೇ 10 ಎಂಬಿಯ ಜಿಫ್, ಅಂದರೆ ಚಲಿಸುವ ಚಿತ್ರ, ಆಗಿದ್ದರೆ 900 ಡಾಲರ್. ಇದನ್ನು ಕೇಳಿ ಜೊತೆಗಾರ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಎಸ್3 ಥರದ್ದೇ ಸೇವೆಯಾದ ಕ್ಲೌಡ್‌ಫ್ಲೇರ್‌ನ ಆರ್2 ಬಳಸಿದರೆ ಹೊರಗೆ ಕಳಿಸುವುದಕ್ಕೆ ಜಿಬಿ ಲೆಕ್ಕದ ಶುಲ್ಕವೇ ಇಲ್ಲ. ಇಡುವುದಕ್ಕೆ ತಿಂಗಳಿಗೆ ಜಿಬಿಗೆ 1.5 ಸೆಂಟ್, ಹತ್ತು ಲಕ್ಷ ಸಲ ಓದಿದರೆ 36 ಸೆಂಟ್. 45 ಡಾಲರ್ ಇದ್ದದ್ದು 36 ಸೆಂಟ್‌ಗೆ ಇಳಿಯಿತು. ಸರ್ವರ್ ಎಲ್ಲಿಡಬೇಕು ಅನ್ನುವುದು ಅಲ್ಲಿಗೆ ಮುಗಿಯಿತು, ಚರ್ಚೆಯೇ ಬೇಕಾಗಲಿಲ್ಲ. ಆದರೆ ಇವತ್ತಿನ ದರವನ್ನು ನಂಬಿ ಜೀವನಪೂರ್ತಿ ಮಾತು ಕೊಡಲು ನನಗೆ ಧೈರ್ಯವಿಲ್ಲ.

ಬಿಲ್ಲಿನಲ್ಲಿ ಕಾಣದ ಖರ್ಚೂ ಇದೆ. ಪುಕ್ಕಟೆ ಚಿತ್ರ ಇಡಲು ಜಾಗ ಕೊಟ್ಟರೆ ಒಳ್ಳೆಯವರು ಮಾತ್ರ ಬರುವುದಿಲ್ಲ. ಬ್ಯಾಂಕಿನ ಲೋಗೋ ಹಾಕಿ ಮೋಸದ ಮೇಲ್ ಕಳಿಸುವವರು ಬರುತ್ತಾರೆ, ಕದ್ದ ಚಿತ್ರ ಏರಿಸುವವರು ಬರುತ್ತಾರೆ, ಅದಕ್ಕಿಂತ ಕೆಟ್ಟವರೂ ಬರುತ್ತಾರೆ. ದೂರು ಬಂದಾಗ ಒಬ್ಬ ಮನುಷ್ಯ ಕೂತು ಓದಿ ತೆಗೆಯಬೇಕು, ಭಾನುವಾರವಾದರೂ ಸರಿ. ಚಿತ್ರಗಳನ್ನು ನಮ್ಮ ಮುಖ್ಯ ಡೊಮೇನ್‌ನಲ್ಲಿ, ಅಂದರೆ ಸೈಟಿನ ವಿಳಾಸದಲ್ಲಿ, ಇಡಲೂಬಾರದು. ಯಾರೋ ಒಬ್ಬ ಹಾಕಿದ್ದಕ್ಕೆ ಬ್ರೌಸರ್‌ಗಳು ಆ ಡೊಮೇನ್‌ಗೇ ಕೆಂಪು ಎಚ್ಚರಿಕೆ ತೋರಿಸಲು ಶುರುಮಾಡಿದರೆ ಆ್ಯಪ್ ಮಾರುವ ಪುಟವೂ ಮುಳುಗುತ್ತದೆ. ಗೂಗಲ್, ಗಿಟ್‌ಹಬ್ ಬಳಕೆದಾರರ ಸಾಮಗ್ರಿಗೆ ಬೇರೆ ಡೊಮೇನ್ ಇಟ್ಟಿರುವುದು ಸುಮ್ನೆ ಅಲ್ಲ. ಖಾತೆಯಿಲ್ಲದೆ ಅಪ್‌ಲೋಡ್ ಮಾಡುವ ಉಚಿತ ಯೋಜನೆ ಬೇಡವೇ ಬೇಡ ಅಂದೆ. ಅವನೂ ಒಪ್ಪಿದ.

ಆಮೇಲೆ ತಿಂಗಳ ಚಂದಾ ಮಾತು ಬಂತು. "ತಿಂಗಳಿಗೆ 2 ಡಾಲರ್ ಅಂದರೆ ಯಾರಿಗೂ ಭಾರ ಅನ್ನಿಸಲ್ಲ" ಅಂದ. ನಮಗೆ ಅನ್ನಿಸುತ್ತದೆ. ದುಡ್ಡು ವಸೂಲಿಗೆ ಪ್ಯಾಡಲ್ ಥರದ ಸೇವೆ ಹಿಡಿದರೆ ಪ್ರತಿ ಪಾವತಿಗೆ ಶೇ 5, ಮೇಲೆ 50 ಸೆಂಟ್. ಎರಡು ಡಾಲರ್‌ನಲ್ಲಿ 60 ಸೆಂಟ್ ಅಲ್ಲೇ ಹೋಯಿತು, ಶೇ 30. ಅದೇ 24 ಡಾಲರನ್ನು ವರ್ಷಕ್ಕೊಮ್ಮೆ ತಗೊಂಡರೆ ಹೋಗುವುದು ಒಂದು ಡಾಲರ್ 70 ಸೆಂಟ್. ತಿಂಗಳು ತಿಂಗಳು ತಗೊಂಡರೆ ವರ್ಷಕ್ಕೆ 7 ಡಾಲರ್ 20 ಸೆಂಟ್. ಚಿತ್ರ ಇಡುವ ಖರ್ಚಿಗಿಂತ ದುಡ್ಡು ಎಣಿಸುವ ಖರ್ಚೇ ಜಾಸ್ತಿ! ವರ್ಷದ ಚಂದಾ ಮಾತ್ರ ಅಂತ ಬರೆದುಕೊಂಡೆವು.

ಹಿಂದಿನವರು ಏನು ಮಾಡಿದರು ಅಂತಲೂ ನೋಡಿದೆ. ಚಿತ್ರ ಇಡುವ ಸೈಟ್ ಫೋಟೋಬಕೆಟ್‌ನ ಕಥೆ ಎಲ್ಲರಿಗೂ ನೆನಪಿರಬೇಕು. ವರ್ಷಗಟ್ಟಲೆ ಜನ ಅಲ್ಲಿ ಚಿತ್ರ ಇಟ್ಟು ತಮ್ಮ ಪುಟಗಳಲ್ಲಿ ತೋರಿಸುತ್ತಿದ್ದರು. 2017ರಲ್ಲಿ ನಿಯಮ ಬದಲಾಯಿತು: ಬೇರೆ ಸೈಟಿನಲ್ಲಿ ಚಿತ್ರ ಕಾಣಬೇಕಾದರೆ ವರ್ಷಕ್ಕೆ 399 ಡಾಲರ್. ರಾತ್ರೋರಾತ್ರಿ ಅನ್ನುವ ಹಾಗೆ ಹಳೆಯ ರಿಪೇರಿ ಪಾಠಗಳು, ಮಾರಾಟದ ಪುಟಗಳು ಎಲ್ಲ ಕಡೆ ಚಿತ್ರದ ಜಾಗದಲ್ಲಿ ಖಾತೆ ಅಪ್‌ಡೇಟ್ ಮಾಡಿ ಅನ್ನುವ ಮೀಟರ್ ಚಿತ್ರ ಬಂದು ಕೂತಿತು. ಮುಂದಿನ ವರ್ಷ ಕಂಪನಿ ಹಿಂದೆ ಸರಿಯಿತು, ಆದರೆ ಹೋದ ಮಾನ ಹೋಗಿತ್ತು. ಗಮನಿಸಿ, ಚಿತ್ರ ಇಡುವುದಕ್ಕೆ ದುಡ್ಡು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪುಕ್ಕಟೆ ಅಂತ ಊರಿಗೆಲ್ಲ ಹಂಚಿ, ಜನ ಅದರ ಮೇಲೆ ಕಟ್ಟಿಕೊಂಡ ಮೇಲೆ ಬುಡಕ್ಕೆ ಬೆಲೆ ಹಚ್ಚಿದ್ದು ಜನರಿಗೆ ಸಿಟ್ಟು ತರಿಸಿತು. ಫೋಟೋ ಹಂಚುವ ಸೈಟ್ ಫ್ಲಿಕರ್ 2013ರಲ್ಲಿ 1 ಟಿಬಿ ಉಚಿತ ಅಂದು, 2018ರಲ್ಲಿ ಉಚಿತ ಖಾತೆಗೆ 1,000 ಚಿತ್ರದ ಮಿತಿ ಘೋಷಿಸಿತು. ಅಂಥದ್ದೇ ಸೈಟ್ ಇಮ್‌ಗರ್ 2023ರಲ್ಲಿ ಖಾತೆಯಿಲ್ಲದೆ ಹಾಕಿದ, ಯಾರೂ ನೋಡದ ಹಳೆಯ ಚಿತ್ರಗಳನ್ನು ಅಳಿಸಲು ಹೊರಟಿತು. ನಮ್ಮ ಆ್ಯಪ್‌ಗೆ ಹತ್ತಿರದ ನೆಂಟ ಸ್ಕಿಚ್. ದುಡ್ಡಿಗೆ ಮಾರುತ್ತಿದ್ದ ಅದನ್ನು 2011ರಲ್ಲಿ ಟಿಪ್ಪಣಿ ಆ್ಯಪಿನ ಕಂಪನಿ ಎವರ್‌ನೋಟ್ ಕೊಂಡು ಉಚಿತ ಮಾಡಿತು. 2016ಕ್ಕೆ ಮ್ಯಾಕ್ ಬಿಟ್ಟು ಉಳಿದ ಕಡೆ ಬೆಂಬಲ ನಿಲ್ಲಿಸಿತು. ಆ ಬಾಣ ಎಳೆಯುವ ಸುಖ ನನಗೆ ಇನ್ನೂ ನೆನಪಿದೆ, ನಮ್ಮ ಬಾಣದ ಮೂತಿ ಅದಕ್ಕೇ ಹಾಗಿರುವುದು.

ಈಗ ಮಾರುಕಟ್ಟೆಯಲ್ಲಿ ಒಂದು ತುದಿಗೆ ಶೇರ್‌ಎಕ್ಸ್ ಇದೆ, ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಚಿತ್ರ ಎಲ್ಲಿಗೆ ಕಳಿಸಬೇಕು ಅನ್ನುವುದನ್ನು ಬಳಸುವವರಿಗೇ ಬಿಡುತ್ತದೆ. ಇನ್ನೊಂದು ಕಡೆ ಕ್ಲೀನ್‌ಶಾಟ್ ಎಕ್ಸ್: ಒಂದೇ ಸಲ 29 ಡಾಲರ್, ಒಂದು ವರ್ಷದ ಅಪ್‌ಡೇಟ್, 1 ಜಿಬಿ ಜಾಗ. ಜಾಸ್ತಿ ಬೇಕಾದವರಿಗೆ ಬೇರೆ ಚಂದಾ. ನನಗೆ ಈ ವಿಂಗಡಣೆ ಇಷ್ಟವಾಯಿತು. ಪುಕ್ಕಟೆಯವರ ಜೊತೆ ಬೆಲೆಯಲ್ಲಿ ಸ್ಪರ್ಧೆ ಮಾಡಿದರೆ ಹೇಗೂ ಗಿಟ್ಟುವುದಿಲ್ಲ.

ಅಳೆದೂ ಸುರಿದೂ ಸಂಜೆಗೆ ಒಂದು ತೀರ್ಮಾನಕ್ಕೆ ಬಂದೆವು. ಆ್ಯಪ್ 24 ಡಾಲರ್, ಒಂದೇ ಸಲ, ಒಂದು ವರ್ಷದ ಅಪ್‌ಡೇಟ್ ಸೇರಿ. ಅಪ್‌ಡೇಟ್ ನಿಂತರೂ ಕೈಯಲ್ಲಿರುವ ಆ್ಯಪ್ ನಿಲ್ಲುವುದಿಲ್ಲ. ತಮ್ಮದೇ ಸ್ಟೋರೇಜ್ ಇದ್ದವರು ಅದನ್ನೇ ಜೋಡಿಸಿಕೊಳ್ಳಬಹುದು, ಅದಕ್ಕೆ ಶುಲ್ಕವಿಲ್ಲ. ನಮ್ಮ ಹೋಸ್ಟಿಂಗ್ ಬೇಕಾದವರಿಗೆ ವರ್ಷಕ್ಕೆ 18 ಡಾಲರ್, 20 ಜಿಬಿ.

ಈ ಅಂಕಿಗಳಿಗಿಂತ ಹೆಚ್ಚು ಹೊತ್ತು ಜಗಳ ಆದದ್ದು ಚಂದಾ ನಿಲ್ಲಿಸಿದವರ ಲಿಂಕ್‌ಗಳ ಬಗ್ಗೆ. ತಿಂಗಳೊಳಗೆ ಅಳಿಸೋಣ ಅಂತ ಅವನು. ನಾನು ಜಗ್ಗಲಿಲ್ಲ. ಲಿಂಕ್ ಕ್ಲಿಕ್ ಮಾಡುವವನೇ ಚಂದಾ ನಿಲ್ಲಿಸಿದವನಲ್ಲ, ಅವನಿಗೆ ನಮ್ಮ ಹೆಸರೂ ಗೊತ್ತಿಲ್ಲ, ಅವನಿಗೆ ಶಿಕ್ಷೆ ಯಾಕೆ? ಕೊನೆಗೆ ಹೀಗಾಯಿತು: ಚಂದಾ ನಿಂತರೆ ಹೊಸ ಅಪ್‌ಲೋಡ್ ಇಲ್ಲ, ಹಳೆಯ ಲಿಂಕ್‌ಗಳು ಇನ್ನೊಂದು ವರ್ಷ ತೆರೆಯುತ್ತವೆ. ಅಷ್ಟರಲ್ಲಿ ಎಲ್ಲ ಚಿತ್ರಗಳನ್ನೂ ಲಿಂಕಿನ ಹೆಸರಿನ ಸಮೇತ ಒಂದೇ ಜಿಪ್ ಫೈಲ್ ಆಗಿ ಇಳಿಸಿಕೊಳ್ಳಬಹುದು. ಆ ಒಂದು ವರ್ಷದ ಖರ್ಚು 18ರೊಳಗೇ ಸೇರಿದೆ.

ಸ್ವಂತ ಡೊಮೇನ್ ಜೋಡಿಸುವ ಸೌಲಭ್ಯವನ್ನು ಅವನು ಟೀಮ್‌ಗಳ ದುಬಾರಿ ಯೋಜನೆಯಲ್ಲಿ ಇಡಬೇಕು ಅಂದಿದ್ದ. ಅದನ್ನು 18 ಡಾಲರ್‌ನಲ್ಲೇ ಕೊಡುತ್ತಿದ್ದೇವೆ. ತನ್ನ ಡೊಮೇನ್‌ನಲ್ಲಿ ಲಿಂಕ್ ಇದ್ದವನು ನಾಳೆ ಜಿಪ್ ತಗೊಂಡು ಬೇರೆ ಕಡೆ ಇಟ್ಟರೂ ಹಳೆಯ ಲಿಂಕ್ ಮುರಿಯುವುದಿಲ್ಲ. ಹೋಗುವ ಬಾಗಿಲು ತೆರೆದಿಟ್ಟರೆ ಎಲ್ಲರೂ ಹೋಗುತ್ತಾರೆ ಅನ್ನುವುದು ಅವನ ಭಯ. ಹೋಗಲಿ ಬಿಡು, ಅವರ ಬಾಡಿಗೆಯಾದರೂ ಉಳಿಯಿತು ಅಂದೆ.

ಟೀಮ್ ಬೆಲೆ ಇನ್ನೂ ಬಾಕಿ. ತಲೆಗಿಷ್ಟು ಅಂತ ಅವನು, ಜಿಬಿಗಿಷ್ಟು ಅಂತ ನಾನು. ಸೋಮವಾರಕ್ಕೆ ಇಟ್ಟುಕೊಂಡಿದ್ದೇವೆ.