ಮಳೆಗಾಲಕ್ಕೊಂದು ಕೈಗಡಿಯಾರ

ಮಡಿಕೇರಿಯ ಆಷಾಢದ ಮಳೆಯಲ್ಲಿ ಹಳೆಯ ಕೈಗಡಿಯಾರದ ಗಾಜಿನೊಳಗೆ ಮಂಜು ಕಟ್ಟಿ ಮುಳ್ಳುಗಳೇ ಕಾಣದಂತಾದ ಮೇಲೆ, ದಿನವೂ ಕಟ್ಟಿಕೊಳ್ಳಲು ಸೈಕೊ ಸಂಸ್ಥೆಯ, ಕೈಯ ಚಲನೆಯಿಂದಲೇ ಕೀಲಿ ತುಂಬಿಕೊಳ್ಳುವ ಆಟೊಮ್ಯಾಟಿಕ್ ಡೈವ್ ವಾಚ್ (ನೀರಿನಾಳಕ್ಕೆ ಮುಳುಗುವವರ ಗಡಿಯಾರ) ಎಸ್‌ಪಿಬಿ143 ಅನ್ನು ಆರಿಸಿಕೊಂಡೆ. ಆ ಸಂಸ್ಥೆಯ ಮೊದಲ ಡೈವ್ ವಾಚ್ 1965ರಲ್ಲಿ ಬಂದಿತ್ತು. ಅದರ ರೂಪವನ್ನು ಇಂದಿಗೆ ತಕ್ಕಂತೆ ತಿದ್ದಿ 2020ರಲ್ಲಿ ಹೊರತಂದ ಮಾದರಿಯಿದು.

200 ಮೀಟರ್ ಆಳದ ನೀರನ್ನು ತಾಳಬಲ್ಲದಾದರೂ, ಕಾಫಿ ತೋಟದಲ್ಲಿ ಓಡಾಡುವ ನನಗೆ ಆಳಕ್ಕಿಂತ ಅಳತೆಯೇ ಮುಖ್ಯವಾಗಿತ್ತು: 40.5 ಮಿಲಿಮೀಟರ್ ಅಗಲದ ಈ ವಾಚ್ ನನ್ನ ಸಣ್ಣ ಮಣಿಕಟ್ಟಿನಿಂದಾಚೆ ಚಾಚುವುದಿಲ್ಲ, ರೈನ್‌ಕೋಟಿನ ತೋಳಿಗೂ ಸಿಕ್ಕಿಕೊಳ್ಳುವುದಿಲ್ಲ. ಪೂರ್ತಿ ಕೀಲಿ ಕೊಟ್ಟರೆ ಸುಮಾರು 70 ಗಂಟೆ ನಡೆಯುವುದರಿಂದ, ಶನಿವಾರ ಸಂಜೆ ಬಿಚ್ಚಿಟ್ಟರೂ ಸೋಮವಾರ ಬೆಳಿಗ್ಗೆ ಓಡುತ್ತಲೇ ಇರುತ್ತದೆ. ಕೀಲಿಯ ತಿರುಪನ್ನು ಬಿಗಿ ಮಾಡದೆ ಮಾತ್ರ ಮಳೆಗಿಳಿಯಬಾರದು.

ಗಾಜಿನ ಸುತ್ತ ಒಂದೇ ದಿಕ್ಕಿಗೆ ತಿರುಗುವ ಬಳೆ, ಅಂದರೆ ಬೆಜೆಲ್, ಅಡುಗೆಮನೆಗೂ ಒದಗಿದೆ. ಅಕ್ಕಿತರಿಯ ಉಂಡೆ ಕಡಂಬುಟ್ಟನ್ನು ಹಬೆಗಿಟ್ಟೊಡನೆ ಬೆಜೆಲ್‌ನ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸುತ್ತೇನೆ; ಆಮೇಲೆ ಎಷ್ಟು ನಿಮಿಷ ಕಳೆಯಿತೆಂದು ಅದರ ಮೇಲೇ ಓದಿಕೊಳ್ಳಬಹುದು.