ರಾಯಲ್ ಓಕಿನ ಗೋಪುರ, ರೇಡಿಯೋ ಪಾದ್ರಿ

ಹೋದ ಅಕ್ಟೋಬರಲ್ಲಿ ಡೆಟ್ರಾಯ್ಟ್ ಹತ್ರ ಟ್ರಾಯ್‌ನಲ್ಲಿರೋ ಅಕ್ಕನ ಮನೆಗೆ ಹೋಗಿದ್ದೆ. ಭಾನುವಾರ ಬಿಸಿಬೇಳೆಬಾತ್ ಹೊಡೆದು ತೂಕಡಿಸ್ತಾ ಕೂತಿದ್ದವನನ್ನ ಭಾವ ಎಬ್ಬಿಸಿ, "ಏಳೋ, ಇಲ್ಲೇ ಒಂದು ಚರ್ಚಿದೆ, ಅದರ ಕಥೆ ನಿಂಗೆ ಇಷ್ಟ ಆಗುತ್ತೆ" ಅಂತ ಕಾರು ಹತ್ತಿಸಿದ್ರು.

ಪಕ್ಕದ ರಾಯಲ್ ಓಕ್ ಊರಲ್ಲಿ ವುಡ್‌ವರ್ಡ್ ಅವೆನ್ಯೂ, ಟ್ವೆಲ್ವ್ ಮೈಲ್ ರೋಡ್ ಸೇರೋ ಮೂಲೆಲಿ ಕಲ್ಲಿನ ಗೋಪುರ, ಅದರ ಮೈಮೇಲೇ ಶಿಲುಬೆಗೇರಿದ ದೊಡ್ಡ ಯೇಸು. ಹೆಸರು ಲಿಟಲ್ ಫ್ಲವರ್, ನಮ್ಮ ಕಡೆ ಕಾನ್ವೆಂಟ್ ಸ್ಕೂಲುಗಳಿಗೆ ಇಡ್ತಾರಲ್ಲ ಅದೇ ಸಂತ ತೆರೇಸಾ. 1926ರಲ್ಲಿ ಮೊದಲ ಮರದ ಚರ್ಚ್ ಎದ್ದಾಗ ಕರಿಯರು, ಯಹೂದಿಗಳ ಜೊತೆ ಕ್ಯಾಥೊಲಿಕರನ್ನೂ ದ್ವೇಷಿಸ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪಿನೋರು ಅಂಗಳದಲ್ಲಿ ಶಿಲುಬೆ ಸುಟ್ಟರಂತೆ, ಅದಕ್ಕೇ ಸುಡೋಕಾಗದ ಶಿಲುಬೆ ಕಟ್ತೀನಿ ಅಂತ ಪಾದ್ರಿ ಹಠ ಹಿಡಿದನಂತೆ.

ಆ ಪಾದ್ರಿನೇ ಫಾದರ್ ಚಾರ್ಲ್ಸ್ ಕಾಗ್ಲಿನ್. 1926ರಲ್ಲೇ ರೇಡಿಯೋಲಿ ಮಕ್ಕಳಿಗೆ ಧರ್ಮಪಾಠ ಹೇಳೋಕೆ ಶುರು ಮಾಡಿದವನು 1930ರ ಹೊತ್ತಿಗೆ ಕಮ್ಯುನಿಸಂ ಮೇಲೆ ಬಿದ್ದ. ಷೇರುಪೇಟೆ ಕುಸಿದು ಕಾರ್ ಫ್ಯಾಕ್ಟರಿಗಳಲ್ಲಿ ಕೆಲಸ ಹೋಗಿ ಜನ ಗಂಜಿಗೆ ಕ್ಯೂ ನಿಂತಿದ್ದ ಕಾಲ ಅದು. ಮಜಾ ಏನಂದ್ರೆ ಇವನು ಬರೀ ಕೆಂಪು ಬಾವುಟ ಬೈಲಿಲ್ಲ, ಅಮೆರಿಕದ ಸಂಸತ್ ಸಮಿತಿ ಎದುರು ಹೋಗಿ ಹೆನ್ರಿ ಫೋರ್ಡ್‌ನಂಥೋರಿಂದಲೇ ಕಮ್ಯುನಿಸಂ ಬೆಳೀತಿರೋದು ಅಂತ ಹೇಳಿಬಂದ, ಅದೂ ಫೋರ್ಡ್ ಊರಲ್ಲೇ ಇದ್ಕೊಂಡು! ಕೂಲಿಗೆ ನ್ಯಾಯದ ಸಂಬಳ ಸಿಗಬೇಕು ಅಂತ ಪೋಪ್ 13ನೇ ಲಿಯೋ 1891ರಲ್ಲಿ ಬರೆದಿದ್ದ ಪತ್ರವೇ ಇವನಿಗೆ ಆಧಾರ; ಇವನು ಹುಟ್ಟಿದ್ದೂ ಅದೇ ವರ್ಷ. ಅಲ್ಲೀವರೆಗೆ ನಂಗೂ ಆಸಾಮಿ ಹಿಡಿಸಿದ್ದ.

ಆಮೇಲೆ ಕೆಟ್ಟ. ಬ್ಯಾಂಕಿನೋರು, ಕಮ್ಯುನಿಸ್ಟರು, ಯಹೂದಿಗಳು ಎಲ್ಲಾ ಒಂದೇ ಅನ್ನೋಕೆ ಶುರು ಮಾಡಿದ. 1938ರ ನವೆಂಬರಲ್ಲಿ ಜರ್ಮನೀಲಿ ಯಹೂದಿಗಳ ಅಂಗಡಿ, ದೇಗುಲಗಳಿಗೆಲ್ಲ ಬೆಂಕಿ ಬಿದ್ದ ಮೇಲೂ ರೇಡಿಯೋಲಿ ಕೂತು ನಾಜಿಗಳದ್ದು ಕಮ್ಯುನಿಸಂ ವಿರುದ್ಧದ ರಕ್ಷಣೆ ಅನ್ನೋ ಹಂಗೆ ಮಾತಾಡಿದ. ಆ ವಾರಗಳಲ್ಲಿ ಇವನನ್ನ ಕೇಳಿ ಸುಮ್ಮನೆ ತಲೆ ಆಡಿಸ್ತಿದ್ದ ಮನೆಗಳನ್ನ ನೆನೆಸ್ಕೊಂಡ್ರೆ ಹೊಟ್ಟೆ ತೊಳಸುತ್ತೆ. 1942ರಲ್ಲಿ ಆರ್ಚ್‌ಬಿಷಪ್ ಬಾಯಿ ಮುಚ್ಚಿಸಿದ್ರು, ಆದ್ರೆ 1966ರ ತನಕ ಇದೇ ಚರ್ಚಿನ ಪಾದ್ರಿ.

ಒಳಗೆ ಎಂಟು ಮೂಲೆಯ ಹಾಲ್, ಪೀಠ ನಟ್ಟನಡುವೆ, ಸುತ್ತ ಬೆಂಚು. ಹೊರಗೋಡೆ ಕಲ್ಲುಗಳಲ್ಲಿ ಒಂದೊಂದು ರಾಜ್ಯದ ಹೆಸರು, ಅಲ್ಲಿನ ಹೂ ಕೆತ್ತಿದ್ದಾರೆ. ದೇಶದ ಎಲ್ಲಾ ಕಡೆಯಿಂದ ಕೇಳುಗರು ಕವರಲ್ಲಿಟ್ಟು ಕಳಿಸಿದ ಡಾಲರಿಂದ ಎದ್ದ ಗೋಡೆ ಅಲ್ವಾ. ಭಾವ ಮಿಷಿಗನ್ ಕಲ್ಲು ಹುಡುಕ್ತಾ ಹೋದ್ರು, ಸೇಬಿನ ಹೂ ಇರಬೇಕು ನೋಡು ಅಂತ. ನಾನು ಚಳಿಗೆ ಜೇಬಲ್ಲಿ ಕೈ ಇಟ್ಕೊಂಡು ಹಿಂದೆ ಹೋದೆ. ಅಷ್ಟರಲ್ಲಿ ಅಕ್ಕನ ಫೋನ್, ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ ಅಂತ.